ಕರೆದು ಕಟ್ಟಬ್ಯಾಡ್ರಿ

ಉಗಾರ ಖುರ್ದ
ತಾ. 13-2-1989, ಸೋಮವಾರ

ನನ್ನ ಮುದ್ದಿನ ಮೊಮ್ಮಗಳು ಸುಂದರಾಗೆ ಆಯಿಯ ಆಶೀರ್ವಾದ.

ಹ್ಯಾಂಗಿದ್ದೀ? ಮಿರಜದ ಹಾಸ್ಟೆಲಿನ ನೀರುನೀರು ಸಾರು ಉಂಡು ಸೊರಗಿಲ್ಲ ತಾನೆ? ನರ್ಸ್ ಆಗುವವಳೇ ಮೊದಲು ಹಾಸಿಗೆ ಹಿಡಿದರೆ ರೋಗಿಗಳು ಯಾರ ಮುಖ ನೋಡಬೇಕು? ನಾನು ಆರಾಮ ಇದ್ದೇನೆ. ನಂಬು, ಈ ಸಲ ಖರೆ. ದಸರೆಗೆ ‘ಆಯಿಗೆ ಜಡ್ಡು, ಕೂಡಲೇ ಬಾ’ ಎಂದು ತಾರು ಕೊಡಿಸಿದೆ. ನೀ ಅಳುತ್ತ ಓಡಿ ಬಂದರೆ ಪಡಸಾಲೆಯಲ್ಲಿ ಕನ್ಯಾ ನೋಡಲು ಬಂದ ರಾಯಬಾಗದವರು ಕುಂತಿದ್ದರು, ಜಡ್ಡಾದ ನಾನು ಅವರಿಗೆ ಚಹಾ ಕೊಡುತ್ತಿದ್ದೆ. ನೀ ಮುಂದಿನ ಬಸ್ಸಿಗೇ ತಿರುಗಿ ಹೋದೆ. ಅಂದಿನಿಂದ ಮನೆಗೂ ಬರಲಿಲ್ಲ, ನನ್ನ ಮೂರು ಪತ್ರಕ್ಕೆ ಉತ್ತರವೂ ಇಲ್ಲ. ಇದು ನಾಲ್ಕನೆಯದು. ಹರಿದು ಒಗೆಯುವ ಮೊದಲು ನಿನ್ನ ನಾಯಿಯ ಸುದ್ದಿಯನ್ನಾದರೂ ಓದು.

ನೀ ಹೋದ ಮೇಲೆ ವಾಘ್ಯಾ ಯಾರ ಮಾತೂ ಕೇಳಲಿಲ್ಲ. ಬಿಚ್ಚಿದರೆ ಸಾಕು, ಫ್ಯಾಕ್ಟರಿಗೆ ಹೋಗುವ ಕಬ್ಬಿನ ಗಾಡಿಗಳ ನಡುವೆ ನುಗ್ಗುತ್ತಿದ್ದ. ನಿನ್ನಪ್ಪ, ಇವನನ್ನು ತೆಲಸಂಗದ ಯಾರಿಗಾದರೂ ಕೊಟ್ಟುಬಿಡೋಣ ಎಂದ. ಅದಕ್ಕೇ ಧನಪಾಲ ಹವಾಲ್ದಾರನ ಸಾಲೆಗೆ ಹಾಕಿದೆ. ಅವನು ಮಿಲಿಟರಿಯಲ್ಲಿ ನಾಯಿ ಪಳಗಿಸುತ್ತಿದ್ದವನು. ರಿಟೈರ್ ಆಗಿ ಬಂದು ಈಗ ಐತವಾರ ಮುಂಜಾನೆ ಹೊಳೆದಂಡೆಯ ಬಯಲಿನಲ್ಲಿ ಎಂಟು ನಾಯಿಗಳಿಗೆ ಒಟ್ಟಿಗೆ ಕಲಿಸುತ್ತಾನೆ. ಎಂಟು ನಾಯಿ, ಏಳು ಗಂಡಸರು, ಸೆರಗು ಸಿಗಿಸಿಕೊಂಡು ನಿಂತ ನಾನೊಬ್ಬಳು. ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು ಅರವತ್ತೆಂಟಕ್ಕೆ ಮತ್ತೆ ಸೇರಿದೆ ನೋಡು.

ಮೊದಲ ಪಾಠ, ಹಗ್ಗ ಸಡಿಲ ಬಿಟ್ಟು ನಡೆಯುವುದು. ನಾಯಿ ಜಗ್ಗಿದರೆ ನಾವು ಜಗ್ಗಬಾರದು, ಸುಮ್ಮನೆ ನಿಂತುಬಿಡಬೇಕು. ಹಗ್ಗ ಜೋತುಬಿದ್ದಾಗ ಮಾತ್ರ ಮುಂದಿನ ಹೆಜ್ಜೆ. ನನ್ನ ಕೈ ಕೇಳಬೇಕಲ್ಲ. ಹವಾಲ್ದಾರ ಬಂದು, ‘ಆಯೀ, ನಾಯಿ ಶಾಣ್ಯಾ ಐತ್ರಿ, ಜಗ್ಗಾಕತ್ತವ್ರು ನೀವು’ ಎಂದ. ಏಳು ಗಂಡಸರೂ ಹಲ್ಲು ಕಿಸಿದರು.

ಎರಡನೆಯದು, ಬಿಟ್ಟು ಕರೆಯುವುದು. ಹಗ್ಗ ಬಿಚ್ಚಿ ‘ಹೋಗು’ ಎನ್ನಬೇಕಂತೆ. ಮನೆಯ ಜೀವಕ್ಕೆ ಬರೀ ‘ಹೋಗು’ ಎಂದು ಯಾರಾದರೂ ಅಂತಾರೇನು? ನನ್ನ ಬಾಯಿಂದ ‘ಹೋಗಿ ಬಾ’ ಎಂದೇ ಬಂತು. ಅವನು ಎರಡು ಹೆಜ್ಜೆ ಹೋದ, ‘ಬಾ’ ಕೇಳಿ ತಿರುಗಿದ, ಏನೂ ತಿಳಿಯದೆ ಅಲ್ಲೇ ಕುಂತ. ಕಡೆಗೆ ಕರೆಯುವುದಕ್ಕೆ ಮರಾಠಿಯ ‘ಯೇ’ ಎಂದು ಗೊತ್ತುಮಾಡಿದೆವು. ನಿನ್ನ ನಾಯಿ ಈಗ ಕನ್ನಡದಲ್ಲಿ ಹೋಗಿ ಮರಾಠಿಯಲ್ಲಿ ಬರಬೇಕು.

ಆದರೆ ಬರಲಿಲ್ಲ. ಕೈಯಲ್ಲಿ ರೊಟ್ಟಿ ಹಿಡಿದು ಕರೆದರೂ ಹತ್ತು ಮಾರು ದೂರ ನಿಂತು ಬಾಲ ಅಲ್ಲಾಡಿಸಿದ. ಮನೆಯಲ್ಲಿ ಇವನನ್ನು ಯಾವಾಗ ಕರೆಯುತ್ತೀರಿ ಎಂದು ಹವಾಲ್ದಾರ ಕೇಳಿದ. ಕಟ್ಟುವಾಗ ಎಂದೆ. ‘ಕರೆದು ಕಟ್ಟಬ್ಯಾಡ್ರಿ ಆಯೀ. ಬಂದ್ರ ರೊಟ್ಟಿ ಕೊಡ್ರಿ, ತಲಿ ಸವರ್ರಿ, ಮತ್ತ ಬಿಟ್ಟಬಿಡ್ರಿ. ಒಮ್ಮೆ ಮೋಸ ಮಾಡಿದ್ರ ನೂರು ಸಲ ಕರೀಬೇಕಾಗ್ತೈತಿ.’ ಈ ಊರಲ್ಲಿ ನನ್ನ ಬಾಯಿ ಮುಚ್ಚಿಸಿದವನು ಅವನೊಬ್ಬನೇ.

ಮೂರು ವಾರ ಹಾಗೇ ಮಾಡಿದೆ. ಕರೆದೆ, ಕೊಟ್ಟೆ, ಬಿಟ್ಟೆ. ನಿನ್ನೆ ಬಯಲಿನ ಆ ತುದಿಯಿಂದ, ಏಳು ನಾಯಿಗಳನ್ನು ದಾಟಿ ಓಡಿ ಬಂದು ನನ್ನ ಪಾದದ ಮೇಲೆಯೇ ಕುಂತ. ಮತ್ತಷ್ಟು ಆಡಲು ಬಿಟ್ಟು, ಆಮೇಲೆ ಮನೆಗೆ ನಡೆದೆವು. ದಾರಿಯುದ್ದಕ್ಕೂ ಹಗ್ಗ ಜೋತುಬಿದ್ದೇ ಇತ್ತು. ನಿನ್ನಪ್ಪ ತೆಲಸಂಗದ ಮಾತು ಬಿಟ್ಟಿದ್ದಾನೆ. ನಿನ್ನ ಅವ್ವ ದಿನಾ ಟಪಾಲಿನವನ ದಾರಿ ನೋಡುತ್ತಾಳೆ.

ರೋಗಿಗಳಿಗೆ ಬೈಯಬೇಡ, ಆ ಗುಣ ನನ್ನದು, ನನಗೇ ಇರಲಿ. ಕೃಷ್ಣಾತಾಯಿ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಆಯಿ,
ಗೌರಾಬಾಯಿ

ತಾ.ಕ.: ಟಪಾಲಿನ ಡಬ್ಬಿ ತೆಗೆಯುವ ಹೊತ್ತಾಯಿತು, ಲಗೂ ಬರೆಯುತ್ತೇನೆ. ರಾಯಬಾಗದವರು ಯುಗಾದಿಗೆ ಮತ್ತೆ ಬರುತ್ತೇವೆ ಎಂದಿದ್ದರು. ಬರಬೇಡಿ, ಹುಡುಗಿ ಕೋರ್ಸು ಮುಗಿಸಲಿ, ಮುಂದಿನದು ಅವಳೇ ಹೇಳುತ್ತಾಳೆ ಎಂದು ನಾನೇ ಹೇಳಿ ಕಳಿಸಿದೆ. ನಾಯಿಗೆ ಹೋಲಿಸಿದಳೆಂದು ಮುಖ ಊದಿಸಬೇಡ. ಅವನು ಮೂರು ವಾರಕ್ಕೇ ನನ್ನನ್ನು ಕ್ಷಮಿಸಿದ, ನೀ ನಾಲ್ಕು ತಿಂಗಳು ಎಳೆದಿದ್ದೀ. ಬಾ. ಮನೆಯವರ ಹೊರತು ಯಾರೂ ಇರುವುದಿಲ್ಲ. ಎರಡು ದಿನ ಇರು, ಇಲ್ಲವೇ ಒಂದು ತುತ್ತು ಉಂಡು ಏಳು. ನೀ ಹೊರಟಾಗ ನಾನೇ ಬಂದು ಬಸ್ಸು ಹತ್ತಿಸುತ್ತೇನೆ.