ನೆಲದಡಿಯ ಕುದುರೆಗಳು

ಕಿಲ್‌ಬ್ರಾನ್, ಐರ್ಲೆಂಡ್
4 ಮಾರ್ಚ್ 1968

ಜಿಲ್ಲಾ ಎಂಜಿನಿಯರ್ ಟೂಹಿ ಅವರಿಗೆ,

ನಮ್ಮ ಸಭಾಭವನದ ನೆಲದ ಹಲಗೆ ಕಿತ್ತಾಗ ಆರು ಕುದುರೆ ಬುರುಡೆ ಸಿಕ್ಕಿದ್ದು ನಿಜ. ನಿಮ್ಮ ಮೇಸ್ತ್ರಿ ಹೌಹಾರಿ, "ಏನಮ್ಮಾ, ಇಷ್ಟು ವರ್ಷ ಹೆಣದ ಮೇಲೆ ಕುಣೀತಿದ್ರಾ?" ಎಂದ. "ಅವಿಲ್ದೆ ನಾವು ಕುಣಿದ್ರೆ ಬೀದಿಗೆ ಕೇಳ್ಸೋದು ಹೇಗಯ್ಯಾ?" ಎಂದೆ.

ಅವನ್ನು ಎಸೆದು ಸಿಮೆಂಟು ಹಾಕಿಸಿ ಎಂದು ಬರೆದಿದ್ದೀರಿ. ಅದು ಆಗದ ಮಾತು. 1911ರಲ್ಲಿ ನಮ್ಮ ಐರಿಷ್ ಭಾಷೆ, ನಮ್ಮ ಕುಣಿತ ಉಳಿಯಲೆಂದು ಊರವರು ಈ ಭವನ ಕಟ್ಟಿದರು. ಸತ್ತ ಕುದುರೆಗಳ ಬುರುಡೆ ತಂದು ಹೂತರು. ಹಲಗೆಯಡಿ ಟೊಳ್ಳು ಬುರುಡೆಯಿದ್ದರೆ ಹೆಜ್ಜೆ ಗುಡುಗಿನಂತೆ ಮೊಳಗುತ್ತದೆ. ಈಗ ಊರಲ್ಲಿರುವುದು ಟ್ರ್ಯಾಕ್ಟರು. ಅದರ ತಲೆ ಹೂತು ಪ್ರಯೋಜನವಿಲ್ಲ.

ಈ ತಿಂಗಳ ಹದಿನೇಳರ ಸಂತ ಪ್ಯಾಟ್ರಿಕ್ ಹಬ್ಬದೊಳಗೆ ಆರನ್ನೂ ಇದ್ದಲ್ಲೇ ಇಡಿಸಿ, ಮೇಲೆ ಹಲಗೆ ಹೊಡೆಸಿ. ಯಾವುದು ಎಲ್ಲಿತ್ತು ಎಂಬುದು ಭವನದ ಹಳೆಯ ಪುಸ್ತಕದಲ್ಲಿದೆ. ಬಾಗಿಲ ಬಳಿಯದು ಬೆಸ್ ಎಂಬ ಹೆಣ್ಣುಕುದುರೆಯದು. ಕೊಟ್ಟವರು ಮಾರ್ಟನ್ ಟೂಹಿ, ನಿಮ್ಮ ಅಜ್ಜ.

ಅದೊಂದನ್ನು ಮೇಸ್ತ್ರಿಯ ಕೈಗೆ ಕೊಡಬೇಡಿ. ನೀವೇ ಬಂದು ಇಡಿ.

ಬಾಗಿಲು ತೆರೆದಿಟ್ಟಿರುವ,
ಡೆರ್ವಲಾ ಹೆಷನ್
ಭವನದ ಕಾರ್ಯದರ್ಶಿ