ನನ್ನ ಎರಡನೇ ಹೇಳಿಕೆ

ಡೊಂಬಿವಲಿ ಪೂರ್ವ
17-11-2014

ಸೌಭಾಗ್ಯವತಿ ಜಲಜಾಕ್ಷಿಗೆ ತಾರಾನಾಥನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ಸಾನಪಾಡಾದಲ್ಲಿ ನೀನು, ಮಗಳು ಶರ್ಮಿಳಾ, ಅಳಿಯ, ಮೊಮ್ಮಗಳು ಪ್ರೇಕ್ಷಾ ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ದೀಪಾವಳಿಗೆ ಬರೆಯಬೇಕಿದ್ದ ಕಾಗದ ಇದು, ತಡವಾದದ್ದಕ್ಕೆ ಕ್ಷಮಿಸು. ಬಲಗೈ ಮುರಿದಿತ್ತು. ಹೋದ ಬುಧವಾರ ಪ್ಲಾಸ್ಟರ್ ಬಿಚ್ಚಿದರು. ಬೆರಳುಗಳು ಇನ್ನೂ ಹೇಳಿದ ಮಾತು ಕೇಳುವುದಿಲ್ಲ, ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಬೈಯಬೇಡ. ಶರ್ಮಿಳಾ ಫೋನ್ ಮಾಡಿದಾಗ ಲೋಕಲ್ ಹತ್ತುವಾಗ ಬಿದ್ದೆ ಎಂದಿದ್ದೆ. ಸುಳ್ಳು. ಚನಿಯ ಹೊಡೆದದ್ದು.

ಯಾವ ಚನಿಯ ಎನ್ನುತ್ತೀ. ಭಿವಂಡಿಯ ಹೋಟೆಲಿನಲ್ಲಿ ನಾನು ಮ್ಯಾನೇಜರ್ ಆಗಿ ಗಲ್ಲಾದಲ್ಲಿ ಕೂತಿದ್ದ ಕಾಲಕ್ಕೆ ಟೇಬಲ್ ಒರೆಸುತ್ತಿದ್ದನಲ್ಲ, ಅದೇ ಕ್ಲೀನರ್ ಚನಿಯ. ಈಗ ಅವನಿಗೂ ಅರುವತ್ತೆಂಟಾಯಿತು.

ಅವನು ಪುನಃ ಸಿಕ್ಕಿದ್ದು ಹೇಗೆಂದರೆ, ಹೋಳಿಯ ಮರುದಿನ ನೀನು ಹೊರಟುಹೋದ ಮೇಲೆ ನಾನು ಎರಡು ತಿಂಗಳು ಟಿವಿಗೆ ಬೈಯುತ್ತಾ ಕೂತಿದ್ದೆ. ಕೇಳಿದವರಿಗೆಲ್ಲ ಮೊಮ್ಮಗಳನ್ನು ನೋಡಿಕೊಳ್ಳಲು ಹೋಗಿದ್ದಾಳೆ ಎಂದೆ. ಸ್ನಾನ ಮಾಡಿದರೆ ಮಾಡಿದೆ, ಇಲ್ಲದಿದ್ದರೆ ಇಲ್ಲ. ಕೊನೆಗೆ ಮೇಲಿನ ಮಹಡಿಯ ಪುಂಡರೀಕಾಕ್ಷ ಬಂದು ಕೈಹಿಡಿದು ಎಳೆದುಕೊಂಡು ಹೋದ. ರಬಾಳೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನು, ಸುಮ್ಮನೆ ಕೂರುವ ಜಾತಿಯಲ್ಲ. ನಮ್ಮ ಕನ್ನಡ ಸಂಘದ ಗೋದಾಮು ಖಾಲಿ ಮಾಡಿಸಿ, ಅರುವತ್ತು ದಾಟಿದ ಗಂಡಸರಿಗಾಗಿ ಒಂದು ರಿಪೇರಿ ರೂಮು ಮಾಡಿದ್ದಾನೆ. ಜನ ಮುರಿದ ಕುರ್ಚಿ, ಕೆಟ್ಟ ಮಿಕ್ಸರ್, ಮೂಲೆಗೆ ಬಿದ್ದ ವೀಲ್‌ಚೇರ್ ತಂದುಕೊಡುತ್ತಾರೆ, ನಾವು ಸರಿಮಾಡುತ್ತೇವೆ. ಎರಡನೇ ಶನಿವಾರ ಡಾಕ್ಟರ್ ಬಂದು ಬಿಪಿ, ಶುಗರ್ ನೋಡುತ್ತಾರೆ. "ಕೈಗೆ ಕೆಲಸ ಸಿಕ್ಕಿದ್ರೆ ಬಾಯಿ ತನ್ನಿಂದ ತಾನೇ ಬಿಚ್ಚುತ್ತದೆ ಮಾರಾಯ" ಎಂಬುದು ಅವನ ವಾದ. ನಿಜ ಹೇಳುತ್ತೇನೆ, ಮಿಕ್ಸರಿನ ಸ್ಕ್ರೂ ಬಿಚ್ಚುತ್ತಾ ಬಿಚ್ಚುತ್ತಾ ಗಂಡಸರು ಅತ್ತದ್ದನ್ನು ಅಲ್ಲಿ ನೋಡಿದ್ದೇನೆ.

ರೂಮಿನ ಕಾನೂನು ಒಂದೇ. ಹಿಂದೆ ಯಾರು ಏನಾಗಿದ್ದರೂ ಒಳಗೆ ಎಲ್ಲರೂ ಎಲ್ಲರಿಗೂ ಅಣ್ಣ. ಚನಿಯ ನನಗಿಂತ ಒಂದು ವರ್ಷ ಮೊದಲೇ ಅಲ್ಲಿ ಸೇರಿದ್ದ. ಮರಕ್ಕೆ ಪಾಲಿಶ್ ಪೇಪರ್ ತಿಕ್ಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮೊದಲ ದಿನ ನನ್ನನ್ನು ನೋಡಿದವನೇ "ಧಣಿ" ಎಂದು ಎದ್ದು ನಿಂತ. ಪುಂಡರೀಕಾಕ್ಷ ಗದರಿಸಿದ. "ತಾರಾನಾಥಣ್ಣ" ಎನ್ನಲು ಅವನಿಗೆ ಒಂದು ತಿಂಗಳು ಹಿಡಿಯಿತು, ಕೇಳಿಸಿಕೊಳ್ಳಲು ನನಗೆ ಅದಕ್ಕಿಂತ ಹೆಚ್ಚು. ಆ ಮನುಷ್ಯನ ಮೈಮೇಲೆ ನನ್ನ ಪೆಟ್ಟು ಎಷ್ಟು ಬಿದ್ದಿದೆ ಗೊತ್ತುಂಟಾ? ಗ್ಲಾಸು ಒಡೆದರೆ ಕೆನ್ನೆಗೆ, ತಡವಾದರೆ ಬೆನ್ನಿಗೆ. ಒಮ್ಮೆ ಕುದಿಯುವ ಸಾಂಬಾರಿನಿಂದ ಎತ್ತಿದ ಸೌಟಿನಲ್ಲೇ ಬಾರಿಸಿದ್ದೆ, ಕಿವಿಯ ಹಿಂದಿನ ಚರ್ಮ ಸುಲಿದು ಬಂದಿತ್ತು. ಎಲ್ಲ ಹೋಟೆಲಿನಲ್ಲೂ ಹೀಗೇ ಎಂದು ನಾವು ಮ್ಯಾನೇಜರುಗಳು ಹೇಳಿಕೊಳ್ಳುತ್ತಿದ್ದೆವು.

ಅಕ್ಟೋಬರ್ ಹನ್ನೊಂದು, ಶನಿವಾರ. ದೀಪಾವಳಿಗೆ ಮನೆ ತೊಳೆದವರು ಯಾರೋ ಹೋಟೆಲಿನ ಹಳೇ ಗಂಟೆಯೊಂದನ್ನು ತಂದುಕೊಟ್ಟಿದ್ದರು. ಗಲ್ಲಾದ ಮೇಲೆ ಇರುತ್ತಿತ್ತಲ್ಲ, ನೆತ್ತಿ ಒತ್ತಿದರೆ ಟಿಣ್ ಎನ್ನುವುದು. ಅದರ ಸ್ಪ್ರಿಂಗ್ ಸರಿಮಾಡಿ ಒತ್ತಿ ನೋಡಿದೆ.

ಮಾರಾಯ್ತಿ, ಮೂಲೆಯಲ್ಲಿ ಸ್ಟೂಲಿನ ಕಾಲು ತಿಕ್ಕುತ್ತಿದ್ದ ಚನಿಯ ತಟ್ಟನೆ ಎದ್ದ. ಹೆಗಲ ಮೇಲಿನ ಬಟ್ಟೆ ಕೈಗೆ ತೆಗೆದುಕೊಂಡು ನನ್ನ ಕಡೆ ನಾಲ್ಕು ಹೆಜ್ಜೆ ಬಂದೇಬಿಟ್ಟ! ಆಮೇಲೆ ಎಚ್ಚರವಾಗಿ ನಡುವೆ ನಿಂತ. ರೂಮಿಗೆ ರೂಮೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಇನ್ನೊಮ್ಮೆ ಒತ್ತಿದೆ.

"ಸಾಕು ತಾರಾನಾಥಣ್ಣ, ಬೇಡ" ಎಂದ.

ಮೂರನೇ ಸಲ ಒತ್ತಿದೆ. ಹಳೇ ಗಂಟಲಿನಲ್ಲಿ ಕೂಗಿದೆ: "ಏಯ್ ಚನಿಯಾ! ಮೂರು ನಂಬರ್ ಟೇಬಲ್ ಯಾರು ಒರೆಸೋದು, ನಿನ್ನ ಅಪ್ಪನಾ?"

ಅವನು ಗಂಟೆ ಕಿತ್ತುಕೊಂಡು ಗೋಡೆಗೆ ಬೀಸಿ ಒಗೆದ. ನನ್ನ ಕೈ ನನ್ನನ್ನು ಕೇಳಲಿಲ್ಲ, ಅವನ ಕೆನ್ನೆಗೆ ಬಿತ್ತು. ಕನ್ನಡಕ ಹಾರಿಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಆದರೆ ಯಾವಾಗಲೂ ತಲೆ ತಗ್ಗಿಸುತ್ತಿದ್ದವನು ಈ ಸಲ ತಗ್ಗಿಸಲಿಲ್ಲ. ಬೆಂಚಿನ ಮೇಲಿದ್ದ ಮರದ ಕೊಡತಿ ಎತ್ತಿದ. ತಲೆಗೆ ಬರುತ್ತಿದ್ದ ಏಟಿಗೆ ಕೈ ಅಡ್ಡ ಹಿಡಿದೆ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಬಿದ್ದೆ. ಬಿದ್ದವನ ಪಕ್ಕೆಗೆ ಇನ್ನೆರಡು ಹಾಕಿದ. ಹಲ್ಲು ಕಚ್ಚಿಕೊಂಡು "ಒರೆಸ್ತೇನೆ, ಒರೆಸ್ತೇನೆ" ಎನ್ನುತ್ತಾ ಹೊಡೆಯುತ್ತಿದ್ದ. ನನ್ನ ಬಾಯಲ್ಲಿ ರಕ್ತ, ಕೆಳಗೆಲ್ಲ ಮರದ ಪುಡಿ. ಪುಂಡರೀಕಾಕ್ಷ ಮತ್ತು ಪಕ್ಕದ ಬೆಂಚಿನ ಜಯಶೀಲ ಸೇರಿ ಅವನನ್ನು ಎಳೆಯದಿದ್ದರೆ ನಿನಗೆ ಈ ಕಾಗದ ಬರುತ್ತಿರಲಿಲ್ಲ. ಬಿಪಿ ನೋಡಲು ಬಂದಿದ್ದ ಡಾಕ್ಟರೇ ಮರದ ಪಟ್ಟಿ ಕಟ್ಟಿ ರಿಕ್ಷಾ ಹತ್ತಿಸಿದರು.

ಆಸ್ಪತ್ರೆಗೆ ಪೊಲೀಸರು ಬಂದರು. ಏನಾಯಿತು ಎಂದು ಕೇಳಿದರು. "ಸುಮ್ಮಸುಮ್ಮನೆ ಬಂದು ಹೊಡೆದ" ಎಂದೆ. ಅಷ್ಟೇ ನನ್ನ ಮೊದಲನೇ ಹೇಳಿಕೆ. ನಕ್ಕವರಿಗೆಲ್ಲ ನಾಚಿಕೆ, ಹಾಗಾಗಿ ಮೊದಲು ಏನಾಯಿತೆಂದು ನೋಡಿಲ್ಲ ಎಂದುಬಿಟ್ಟರು, ಜಯಶೀಲನೂ ಸೇರಿ. ಚನಿಯನನ್ನು ಒಳಗೆ ಹಾಕಿದರು. ಸಂಘದ ಕಾರ್ಯದರ್ಶಿ ಮುರಾರಿ ಮೂಸಂಬಿ ಹಿಡಿದುಕೊಂಡು ಬಂದ. "ನೀವು ಗಟ್ಟಿ ನಿಲ್ಲಿ ತಾರಾನಾಥಣ್ಣ. ಇಂಥವರನ್ನೆಲ್ಲ ಸೇರಿಸಿದ್ದೇ ತಪ್ಪು. ಆ ರೂಮಿಗೇ ಬೀಗ ಹಾಕುವಾ" ಎಂದ. ನಾನು ಹೂಂ ಎಂದೆ. ಕೇಳಲು ಹಿತವಾಗಿತ್ತು.

ಮೂರನೇ ದಿನ ಚನಿಯನ ಹೆಂಡತಿ ಅಕ್ಕು ಬಂದಳು. ಕಾಲಿಗೆ ಬೀಳುತ್ತಾಳೆ ಎಂದು ನಾನು ಮುಖ ಗಂಟುಹಾಕಿಕೊಂಡು ತಯಾರಾಗಿದ್ದೆ. ಅವಳು ಬೀಳಲಿಲ್ಲ, ಕೂರಲೂ ಇಲ್ಲ.

"ಧಣಿ, ಅವ್ರು ಹೊಡೆದದ್ದು ತಪ್ಪು. ಜೈಲಾದ್ರೆ ಆಗ್ಲಿ, ನಾನು ಅಳುವುದಿಲ್ಲ. ಹೋಟ್ಲಲ್ಲಿ ನೀವು ಅವರಿಗೆ ಹೊಡೆದ ದಿನ ಅವ್ರು ಮನೆಗೆ ಬಂದು ನನಗೆ ಹೊಡೀತಿದ್ರು. ನೀವು ಒಂದು ಕೊಟ್ರೆ ನನಗೆ ಎರಡು. ಹೋಟ್ಲು ಬಿಟ್ಟ ಮೇಲೂ ಆ ಕೈ ನಿಲ್ಲಲಿಲ್ಲ" ಎಂದು ರವಕೆಯ ತೋಳು ಸರಿಸಿದಳು. ಮೊಣಕೈಯ ಮೇಲೆ ಮೂಳೆ ಸೊಟ್ಟಗೆ ಕೂಡಿತ್ತು. "ಆ ರೂಮಿಗೆ ಹೋಗ್ಲಿಕ್ಕೆ ಸುರುಮಾಡಿದ ಮೇಲೆ ಒಂದೂವರೆ ವರ್ಷ, ಒಂದು ಪೆಟ್ಟು ಇಲ್ಲ. ಸಂಜೆ ಕೂತು ಇವತ್ತು ಎಂತ ರಿಪೇರಿ ಮಾಡಿದ್ದು ಅಂತ ಹೇಳ್ತಾರೆ. ಅದನ್ನು ಮುಚ್ಚಿದ್ರೆ ಇಡೀ ದಿನ ಮನೇಲಿ ಕೂತ್ಕೊಳ್ತಾರೆ. ಪೆಟ್ಟು ತಿನ್ನುವುದು ನೀವಲ್ಲ, ಮುರಾರಿಯವರೂ ಅಲ್ಲ, ನಾನು. ಅವ್ರು ಯಾಕೆ ಹೊಡೆದದ್ದು ಅಂತ ನೀವು ಹೇಳ್ಬೇಕು."

ಹೇಳಿ ಹೋದಳು. ಥತ್, ನನಗೆ ಎಷ್ಟು ಸಿಟ್ಟು ಬಂತೆಂದರೆ ಎಡಗೈಯಲ್ಲಿ ಮೂಸಂಬಿಯ ಚೀಲ ಎತ್ತಿ ಬಾಗಿಲಿಗೆ ಎಸೆದೆ. ಕ್ಲೀನರನ ಹೆಂಡತಿ ನನಗೆ ಬುದ್ಧಿ ಹೇಳುವುದೇ? ಪಕ್ಕದ ಮಂಚದವರೆಲ್ಲ ನೋಡಿದರು. ನರ್ಸ್ ಬೈದಳು. ಅಕ್ಕುವಿನ ಸೊಟ್ಟ ಮೂಳೆ ಮಾತ್ರ ಕಣ್ಣಿನಿಂದ ಹೋಗಲಿಲ್ಲ. ಅದನ್ನು ಮುರಿದದ್ದು ಅರ್ಧ ನಾನೇ ಎಂದು ಎರಡು ದಿನ ಬಿಟ್ಟು ಒಪ್ಪಿಕೊಂಡೆ.

ಡಿಸ್ಚಾರ್ಜ್ ಆದವನು ಮನೆಗೆ ಹೋಗದೆ ಪುಂಡರೀಕಾಕ್ಷನ ಜೊತೆ ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋದೆ. ಮೂರು ಸಲ ಗಂಟೆ ಒತ್ತಿದ್ದು, ಅಪ್ಪನನ್ನು ಎತ್ತಿ ಆಡಿದ್ದು, ಮೊದಲು ಕೈ ಎತ್ತಿದ್ದು ನಾನು ಎಂದು ಬರೆಸಿದೆ. "ಕಾಕಾ, ಪೆಹಲೇ ಕ್ಯೂಂ ನಹೀ ಬೋಲಾ?" ಮೊದಲೇ ಯಾಕೆ ಹೇಳಲಿಲ್ಲ ಎಂದು ಪೊಲೀಸರು ಚೆನ್ನಾಗಿ ಉಗಿದರು. ಉಗಿಸಿಕೊಂಡೆ. ಆಮೇಲೆ ಜಯಶೀಲನೂ ಬಂದು ಹೇಳಿದ. ಚನಿಯನಿಗೆ ಜಾಮೀನು ಸಿಕ್ಕಿದೆ. ಕೇಸು ಇಬ್ಬರ ಮೇಲೂ ಉಂಟು.

ಮುರಾರಿ ಕೂಗಾಡಿದರೂ ದೀಪಾವಳಿ ಕಳೆದು ರೂಮು ತೆರೆಯಿತು. ಚನಿಯ ಹೋಗುತ್ತಿದ್ದಾನೆ. ನಾನು ಹೋಗುತ್ತಿಲ್ಲ. ಪುಂಡರೀಕಾಕ್ಷನೇ ಹೇಳಿದ, "ಅವ ನಿನ್ನ ಎದುರು ಕೂತು ಕೆಲಸ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ. ಇಬ್ಬರಲ್ಲಿ ಒಬ್ಬ ಅಂದ್ರೆ ಅವನೇ" ಎಂದು. ಎದೆ ಉರಿಯಿತು. ಆದರೆ ನ್ಯಾಯ ಅದೇ. ಬೆಳಿಗ್ಗೆ ಹತ್ತು ಗಂಟೆಯಾದರೆ ಕಾಲು ತಾನಾಗಿ ಆ ಕಡೆ ಹೊರಡುತ್ತದೆ, ಗೇಟಿನವರೆಗೆ ಹೋಗಿ ವಾಪಸು ಬರುತ್ತೇನೆ.

ಶರ್ಮಿಳಾಳಿಗೆ, ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು. ಪ್ರೇಕ್ಷಾಳಿಗೆ ಒಂದು ಮುತ್ತು. ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಕೊಡಲಿ, ಬೈಯಬೇಡಿ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ಇತಿ,
ತಾರಾನಾಥ

ವಿ.ಸೂ.: ಸ್ಟೇಷನ್ನಿನ ಸಂಗತಿ ಪೂರ್ತಿ ಬರೆಯಲು ಧೈರ್ಯವಾಗಿರಲಿಲ್ಲ. ಕೊನೆಗೆ ಅವರು ಇನ್ನೊಂದು ಕೇಳಿದರು, "ಯಾ ಆಧೀ ಕೋಣಾಲಾ ಮಾರಲಂ ಹೋತಂ ಕಾ?" ಇದಕ್ಕೆ ಮೊದಲು ಯಾರಿಗಾದರೂ ಹೊಡೆದದ್ದುಂಟಾ ಎಂದು. ಹೆಂಡತಿಗೆ ಎಂದೆ. ಎಷ್ಟು ಸಲ ಎಂದರು. ನೆನಪಿಡುವಷ್ಟು ಕಡಿಮೆ ಅಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟು, ಅದು ಮನೆಯ ವಿಷಯ, ಇಲ್ಲಿ ಬರೆಯುವುದಿಲ್ಲ ಎಂದರು. ಎಷ್ಟು ಹೇಳಿದರೂ ಬರೆದುಕೊಳ್ಳಲಿಲ್ಲ. ಆದ್ದರಿಂದ ನಾನೇ ಇಲ್ಲಿ ಬರೆಯುತ್ತಿದ್ದೇನೆ.

ಈ ವರ್ಷದ ಹೋಳಿಯ ದಿನ, ಎರಡು ಸಲ ಕರೆದರೂ ಅಡುಗೆಮನೆಯಿಂದ ಬರಲಿಲ್ಲವೆಂದು, ತಾರಾನಾಥನಾದ ನಾನು ನನ್ನ ಹೆಂಡತಿ ಜಲಜಾಕ್ಷಿಯ ಮುಖಕ್ಕೆ ಸ್ಟೀಲಿನ ಚೊಂಬಿನಿಂದ ಹೊಡೆದೆ. ಅವಳ ಮುಂದಿನ ಎರಡು ಹಲ್ಲು ಹೋದವು. ಮೆಟ್ಟಿಲಿನಲ್ಲಿ ಬಿದ್ದಳೆಂದು ಮಗಳಿಗೆ ಹೇಳಿದವನು ನಾನು. ಹಾಗೆಯೇ ಹೇಳಬೇಕೆಂದು ಅವಳನ್ನು ಹೆದರಿಸಿದವನೂ ನಾನು. ಅವಳು ಬಿದ್ದದ್ದಲ್ಲ.

ಕೆಳಗೆ ಸಹಿ ಹಾಕಿದ್ದೇನೆ. ನಿನ್ನನ್ನು ವಾಪಸು ಕರೆಯಲು ಬರೆದ ಕಾಗದ ಅಲ್ಲ ಇದು. ಶರ್ಮಿಳಾಳಿಗೆ ಓದಿಸು.

ತಾರಾನಾಥ