ಚಹಾದಲ್ಲಿ ಅದ್ದಿದ ಘೇಂಡಾಮೃಗ

ಸೀಬ್, ಮಸ್ಕತ್
16 ನವೆಂಬರ್ 2024

ಹೆರಾಲ್ಡ್ ಅವರಿಗೆ,

ಪ್ರೀತಿಯ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ನನ್ನ ತಮ್ಮ ವಿಕ್ಟರನ ಮನೆಯಲ್ಲಿದ್ದೇನೆ.

ಘಾಲಾದ ನಮ್ಮ ಫ್ರೇಮಿನ ಅಂಗಡಿಗೆ ನಾನು ದಿನಾ ಎರಡು ಫ್ಲಾಸ್ಕ್ ಕಪ್ಪು ಚಹಾ ಕಳಿಸುತ್ತಿದ್ದೆ, ಒಂದು ನಿಮಗೆ, ಇನ್ನೊಂದು ಕಾಗದಕ್ಕೆ. ಪ್ರಿಂಟ್ ತೆಗೆದ ಹಾಳೆಯನ್ನು ಅದರಲ್ಲಿ ಅದ್ದಿ ಒಣಗಿಸಿದರೆ ಹಳೆ ಚಿತ್ರದ ಬಣ್ಣ ಬರುತ್ತಿತ್ತು. ನಕಲು ಎಂದು ಹೇಳಿಯೇ ಮಾರುತ್ತಿದ್ದಿರಿ, ಹಾಗಾಗಿ ನನಗೇನೂ ಅನ್ನಿಸಿರಲಿಲ್ಲ.

ಝುವೈನಾ ಟೀಚರ್ ಫ್ರೇಮ್ ಹಾಕಿಸಲು ತಂದದ್ದು ನಕಲಲ್ಲ. ಐನೂರು ವರ್ಷದ ಹಿಂದೆ ಮರದ ಹಲಗೆಯಲ್ಲಿ ಕೆತ್ತಿ ಅಚ್ಚೊತ್ತಿದ ಘೇಂಡಾಮೃಗ. ತೀರಿಹೋದ ಗಂಡ ಜರ್ಮನಿಯಲ್ಲಿ ಓದುವಾಗ ತಂದದ್ದಂತೆ. ಕೆತ್ತಿದವನು ಆ ಪ್ರಾಣಿಯನ್ನು ಕಂಡವನೇ ಅಲ್ಲ, ಯಾರೋ ಹೇಳಿದ್ದನ್ನು ನಂಬಿ ಮೈತುಂಬ ಸೈನಿಕನ ಕವಚ ತೊಡಿಸಿ, ಬೆನ್ನ ಮೇಲೂ ಒಂದು ಪುಟ್ಟ ಕೊಂಬು ಇಟ್ಟಿದ್ದಾನೆ. ಆ ಕೊಂಬು ತೋರಿಸಿ ಗಂಡ ತನ್ನನ್ನು ನಗಿಸುತ್ತಿದ್ದರು ಎಂದು ಟೀಚರ್ ಹೇಳಿದಾಗ ನೀವೂ ನಕ್ಕಿರಿ. ಆಮೇಲೆ ಅಸಲನ್ನು ಬೀರುವಿನಲ್ಲಿ ಬಚ್ಚಿಟ್ಟು, ಚಹಾದಲ್ಲಿ ಅದ್ದಿದ ನಕಲಿಗೆ ಫ್ರೇಮ್ ಹಾಕಿ ಕೊಟ್ಟಿರಿ.

ಹದಿನೈದು ದಿನಕ್ಕೆ ಅವರು ಅದನ್ನು ವಾಪಸ್ ತಂದಾಗ ನಾನೂ ಅಂಗಡಿಯಲ್ಲಿದ್ದೆ. ಗಾಜಿನೊಳಗೆ ಇರುವೆ ಸಾಲು. ಘೇಂಡಾಮೃಗದ ಕಣ್ಣು, ಮೂತಿ ಎಲ್ಲ ಕಪ್ಪಗೆ ಹರಿದಾಡುತ್ತಿತ್ತು. ಅದನ್ನು ನೋಡಿ ನನಗೆ ಹೇಸಿಗೆಯಾಗಲಿಲ್ಲ, ನಿಮ್ಮ ಮಾತು ಕೇಳಿ ಆಯಿತು. ಮನೆ ಸ್ವಲ್ಪ ಕ್ಲೀನ್ ಇಟ್ಟುಕೊಳ್ಳಿ ಮೇಡಂ ಎಂದಿರಿ. ಎಪ್ಪತ್ತು ದಾಟಿದ ಆ ಹೆಂಗಸು ನಿಮ್ಮ ಹತ್ತಿರ ಸಾರಿ ಕೇಳಿದರು. ಹತ್ತೊಂಬತ್ತು ವರ್ಷ ಹೆಂಡತಿಯಾಗಿ ಈ ಬಾಯಿಗೇ ಅನ್ನ ಬಡಿಸಿದೆನಲ್ಲ ಎಂದುಕೊಂಡೆ.

ಆ ಸಂಜೆ, ಕಾಗದದ ಚಹಾಕ್ಕೆ ಸಕ್ಕರೆ ಹೇಗೆ ಬಿತ್ತು ಎಂದು ನನ್ನ ಮೇಲೆ ಹಾರಾಡಿದಿರಿ. ಕೈತಪ್ಪಿ ಎಂದೆ. ನಂಬಿದಿರಿ.

ಇವತ್ತು ಬೆಳಿಗ್ಗೆ ಅಸಲು ಚಿತ್ರವನ್ನು ಟೀಚರ ಕೈಗೆ ಕೊಟ್ಟು, ನೀವು ಮಾಡಿದ್ದನ್ನೆಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಮನೆಯನ್ನೆಲ್ಲ ಮೂರು ಸಲ ತೊಳೆಸಿದೆ, ಆದರೂ ಇರುವೆ ಹೋಗಲಿಲ್ಲ ಎಂದಷ್ಟೇ ಹೇಳಿದರು.

ಹೋಗಿ ಅವರ ಕ್ಷಮೆ ಕೇಳಿ. ಅಲ್ಲಿಯವರೆಗೆ ನಿಮ್ಮ ಜೊತೆ ಒಂದು ಮೇಜಿನಲ್ಲಿ ಕೂತು ಉಣ್ಣಲು ನನ್ನಿಂದಾಗದು.

ಹಿಲ್ಡಾ

ಮತ್ತೆ: ಸಕ್ಕರೆ ಕೈತಪ್ಪಿ ಬಿದ್ದದ್ದಲ್ಲ. ನಿಮಗೆ ಡಯಾಬಿಟಿಸ್ ಬಂದಾಗಿನಿಂದ ನಮ್ಮ ಮನೆಯಲ್ಲಿ ಸಕ್ಕರೆಯೇ ಇಲ್ಲ, ನಿಮಗೆ ಅದೂ ಹೊಳೆಯಲಿಲ್ಲ. ನಕಲು ಕೊಟ್ಟರೆ ಆ ಮುದುಕಿಗೆ ಏನು ಗೊತ್ತಾಗುತ್ತದೆ ಎಂದು ನೀವು ಊಟಕ್ಕೆ ಕೂತು ಹೇಳಿದ ಮರುದಿನ, ಇರುವೆ ಹತ್ತಿ ನಿಮ್ಮ ಮೋಸ ಬಯಲಾಗಲಿ ಎಂದು ಕೆಳಗಿನ ಅಂಗಡಿಯಿಂದ ಸಕ್ಕರೆ ತಂದು ಕಾಗದದ ಫ್ಲಾಸ್ಕಿಗೆ ಆರು ಚಮಚ ಹಾಕಿದೆ. ಎದುರು ನಿಂತು ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಟೀಚರ್ ಮೂರು ಸಲ ಮನೆ ತೊಳೆಸಿದ್ದು ನನ್ನ ಸಕ್ಕರೆಯಿಂದ. ಅದೊಂದನ್ನು ಅವರಿಗೆ ಹೇಳದೆ ಬಂದೆ.